ಆಯಮ್ಮನ ಮೇಲೆ ನಾನು ಕೊಟ್ಟ ದೂರು

ಮದ್ದೂರಿನ ಹತ್ತಿರ, ಹೆದ್ದಾರಿಯ ಪಕ್ಕದ ಒಂದು ಗಾರ್ಮೆಂಟ್ಸಿನಲ್ಲಿ ನಾನು ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕಾಲರಿನಿಂದ ಅಂಚಿನವರೆಗೆ ಕಣ್ಣಾಡಿಸಿ, ಹೊಲಿಗೆ ತಪ್ಪಿದ ಕಡೆ, ಗುಂಡಿ ಸಡಿಲವಾದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ಸು ಕಳಿಸುವುದು ನನ್ನ ಕೆಲಸ. ಏಳೆಂಟು ವರ್ಷ ಇದನ್ನೇ ಮಾಡಿದವಳಿಗೆ ನೆಟ್ಟಗಿರುವುದು ಕಣ್ಣಿಗೆ ಬೀಳುವುದಿಲ್ಲ, ಸೊಟ್ಟಗಿರುವುದು ಮಾತ್ರ ಬೀಳುತ್ತದೆ. ಮದುವೆ ಮನೆಗೆ ಹೋದರೂ ಎದುರಿಗೆ ಕೂತವರ ರವಿಕೆಯ ತೋಳಿನ ಹೊಲಿಗೆಯನ್ನೇ ನೋಡುತ್ತೇನೆಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ.

ಮಗಳಿಗೆ ಎರಡೂವರೆ ವರ್ಷ ಆಗುವವರೆಗೆ ಅವಳನ್ನು ನೋಡಿಕೊಂಡಿದ್ದು ಅತ್ತೆ. ನಮ್ಮ ಮನೆ ನಿಡಘಟ್ಟದಲ್ಲಿ. ಯಜಮಾನರು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ಮಾಡಿಸುವ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಬೇಗ ಹೊರಟರೆ ಬರುವುದು ರಾತ್ರಿ ಹತ್ತರ ಮೇಲೆ. ಹೀಗಿರುವಾಗ ಮಳವಳ್ಳಿಯಲ್ಲಿರುವ ನಾದಿನಿಗೆ ಅವಳಿ ಮಕ್ಕಳಾದವು. ಆಸ್ಪತ್ರೆ ಹತ್ತಿರವಿರಲೆಂದು ಬಾಣಂತನ ಅಲ್ಲೇ ಎಂದು ತೀರ್ಮಾನವಾಯಿತು. ಅತ್ತೆ ಸೀರೆಗಳನ್ನು ಬ್ಯಾಗಿಗೆ ತುಂಬಿಕೊಂಡು ಹೊರಟುಬಿಟ್ಟರು. ಐದಾರು ತಿಂಗಳಾದರೂ ಬರುವುದಿಲ್ಲವೆಂದು ಗೊತ್ತಿತ್ತು. ಊರಿನ ಅಂಗನವಾಡಿಯಲ್ಲಿ ಮೂರು ತುಂಬಲಿ, ಕರಕೊಂಡು ಬನ್ನಿ ಎಂದರು. ಉಳಿದದ್ದು ಫ್ಯಾಕ್ಟರಿಯೊಳಗಿನ ಮಕ್ಕಳ ರೂಮು ಒಂದೇ. ಬೋರ್ಡಿನ ಮೇಲೆ ಶಿಶುಪಾಲನಾ ಕೇಂದ್ರ ಎಂದು ಬರೆದಿತ್ತು. ನಾವು ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಕ್ಯಾಂಟೀನಿನ ಹಿಂದೆ, ಇಸ್ತ್ರಿ ಹಾಕುವ ಹಾಲಿನ ಗೋಡೆಗೆ ಅಂಟಿಕೊಂಡ ಉದ್ದನೆಯ ಕೋಣೆ ಅದು. ಗೋಡೆಯ ಮೇಲೆ ಆನೆ, ನವಿಲು, ಬಲೂನು ಬರೆಸಿದ್ದರು. ನೆಲದ ಮೇಲೆ ಚಾಪೆಗಳು, ಒಂದು ಮೂಲೆಯಲ್ಲಿ ಎರಡು ತೊಟ್ಟಿಲು. ಇನ್ನೊಂದು ಮೂಲೆಯಲ್ಲಿ ಗಾಜಿನ ಬಾಗಿಲಿನ ಬೀರು, ಅದರ ತುಂಬ ಆಟದ ಸಾಮಾನು. ಮಕ್ಕಳು ಹತ್ತಿ ಕೂರುವಂಥ ಕೆಂಪು ಕುದುರೆಯೊಂದು ಅದರೊಳಗಿತ್ತು. ಬೀರುವಿಗೆ ಬೀಗ ಹಾಕಿತ್ತು.

ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಮದ್ದೂರಿನ ಒಬ್ಬ ಮುಸ್ಲಿಂ ಹೆಂಗಸು. ಐವತ್ತು ದಾಟಿದ ವಯಸ್ಸು. ಗಂಡ ಲಾರಿ ಮೆಕ್ಯಾನಿಕ್ ಆಗಿದ್ದು ತೀರಿಹೋಗಿದ್ದರು. ಎಲ್ಲರೂ ಆಯಮ್ಮ ಎನ್ನುತ್ತಿದ್ದೆವು. ಮೊದಲ ದಿನ ಅವರು ನನ್ನ ಮಗಳನ್ನು ಎತ್ತಿಕೊಂಡಾಗ ನಗಲಿಲ್ಲ, ಮುದ್ದು ಮಾಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಮುಖ ನೋಡಿದರು. ರಾತ್ರಿ ಜ್ವರ ಏನಾದರೂ ಇತ್ತೇ, ಏನು ತಿನ್ನಿಸಿದ್ದೀಯ ಎಂದು ಕೇಳಿ, ಇನ್ನು ನೀನು ನಡಿ ಎಂದರು. ಮಕ್ಕಳ ಜೊತೆಗಿರುವವರು ಹೀಗಿರುತ್ತಾರೆಯೇ ಎಂದು ಆವತ್ತೇ ನನಗೆ ಅನ್ನಿಸಿತು.

ಮಗಳು ಮೂರು ದಿನ ಅತ್ತಳು. ನಾಲ್ಕನೆಯ ದಿನ ಅಳಲಿಲ್ಲ. ಬೇರೆ ತಾಯಂದಿರಿಗೆ ಅದು ಸಮಾಧಾನ ತರುತ್ತಿತ್ತೇನೋ, ನನಗೆ ತರಲಿಲ್ಲ. ಅಳುವ ಮಗು ಇದ್ದಕ್ಕಿದ್ದಂತೆ ಯಾಕೆ ನಿಲ್ಲಿಸಿತು ಎಂದು ಯೋಚನೆ ಹತ್ತಿತು.

ಮಧ್ಯಾಹ್ನ ಒಂದಕ್ಕೆ ಅರ್ಧ ಗಂಟೆ ಊಟದ ಬಿಡುವು. ಡಬ್ಬಿಯನ್ನು ಅಲ್ಲೇ ಬಿಟ್ಟು ಮೊದಲು ಮಕ್ಕಳ ರೂಮಿಗೆ ಓಡುತ್ತಿದ್ದೆ. ಯಾವಾಗ ಹೋದರೂ ಮಗಳು ಮಲಗಿರುತ್ತಿದ್ದಳು. ಅವಳೊಬ್ಬಳೇ ಅಲ್ಲ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸಾಲಾಗಿ ಮಲಗಿರುತ್ತಿದ್ದವು. ಆಯಮ್ಮ ಗೋಡೆಗೆ ಒರಗಿ ಕೂತು, ಬಾಯಿ ಮೇಲೆ ಬೆರಳಿಟ್ಟು ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಆದರೂ ಒಳಗೆ ಹೋಗಿ ಮಗಳ ಹತ್ತಿರ ಬಗ್ಗಿ ಹೆಸರು ಹಿಡಿದು ಕರೆದರೆ ಅವಳು ಅಲುಗಾಡುತ್ತಿರಲಿಲ್ಲ. ಮನೆಯಲ್ಲಿ ಬೆಕ್ಕು ನಡೆದರೆ ಏಳುತ್ತಿದ್ದ ಮಗು.

ನನ್ನ ಪಕ್ಕದ ಟೇಬಲ್ಲಿನವಳಿಗೆ ಇದನ್ನು ಹೇಳಿದೆ. ಅವಳ ಮಗನೂ ಅಲ್ಲೇ ಇದ್ದ. ಅವಳು ಕೈಯಲ್ಲಿದ್ದ ಅಂಗಿಯಿಂದ ತಲೆಯೆತ್ತದೆ ಹೇಳಿದಳು.

"ಅಷ್ಟೂ ಮಕ್ಳು ಒಂದೇ ಟೈಮ್‌ಗೆ ಅದೆಂಗ್ ಮಲಗ್ತವೆ? ಔಸ್ತಿ ಕೊಡ್ತಾರೆ ಕಣಮ್ಮ. ಕೆಮ್ಮಿನ್ ಔಸ್ತಿ."

ಬೆಂಗಳೂರಿನ ಯಾವುದೋ ಫ್ಯಾಕ್ಟರಿಯಲ್ಲಿ ಹೀಗೇ ಆಗಿತ್ತೆಂದು ಅವಳ ಅಕ್ಕ ಹೇಳಿದ್ದಳಂತೆ. ಅಕ್ಕ ಕಣ್ಣಾರೆ ಕಂಡಿದ್ದಳೋ, ಅವಳಿಗೂ ಯಾರಾದರೂ ಹೇಳಿದ್ದೋ ನಾನು ವಿಚಾರಿಸಲಿಲ್ಲ. ಆ ಮಾತು ನನ್ನ ತಲೆಯೊಳಗೆ ಮೊದಲೇ ಇತ್ತೆಂಬಂತೆ ಹೋಗಿ ಕೂತಿತು.

ಅಂದಿನಿಂದ ಮಗಳನ್ನು ತಪಾಸಣೆ ಮಾಡಲು ಶುರು ಮಾಡಿದೆ. ಸಂಜೆ ರೂಮಿನ ಬಾಗಿಲಲ್ಲೇ ಅವಳನ್ನು ಎತ್ತಿಕೊಂಡು ಬಾಯಿ ಮೂಸುತ್ತಿದ್ದೆ. ನಾಲಿಗೆಯ ಬಣ್ಣ ನೋಡುತ್ತಿದ್ದೆ. ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದೆ. ಬೆಳಿಗ್ಗೆ ಹಾಕಿದ ಫ್ರಾಕು ಸಂಜೆಗೆ ಬೇರೆಯಾಗಿದ್ದರೆ ಯಾಕೆ ಬದಲಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಔಷಧಿಯ ವಾಸನೆ ಒಂದು ದಿನವೂ ಬರಲಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಾನು ಮೂಸುತ್ತಿದ್ದದ್ದು ಔಷಧಿಗಾಗಿ ಮಾತ್ರ ಅಲ್ಲ. ಆಯಮ್ಮ ತಮ್ಮ ಡಬ್ಬಿಯಿಂದ ಏನಾದರೂ ತಿನ್ನಿಸಿದ್ದಾರೆಯೇ ಎಂದೂ ನೋಡುತ್ತಿದ್ದೆ. ನಮ್ಮ ಮನೆಯಲ್ಲೂ ಮಾಂಸ ಬೇಯುತ್ತದೆ. ಆದರೂ ಯಾರ ಕೈಯದು ಎಂಬುದೊಂದು ನನ್ನೊಳಗಿತ್ತು. ಇದ್ದದ್ದನ್ನು ಇಲ್ಲವೆನ್ನಲಾರೆ.

ಮಗಳು ಆಗತಾನೆ ಮಾತು ಜೋಡಿಸುತ್ತಿದ್ದಳು. ಒಂದು ದಿನ ಸ್ನಾನ ಮಾಡಿಸುವಾಗ, ಆಯಮ್ಮ ಅಂಗಿ ಬಿಚ್ಚಿ ನೋಡುತ್ತದೆ ಎಂದಳು. ನನ್ನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಏನು ನೋಡುತ್ತದೆ ಎಂದು ಕೇಳಿದರೆ ಬೆನ್ನು ತೋರಿಸಿದಳು, ತೋಳು ತೋರಿಸಿದಳು. ಆಮೇಲೆ ಏನು ಮಾಡುತ್ತದೆ ಎಂದರೆ ಬಾಯಿ ಮೇಲೆ ಬೆರಳಿಟ್ಟು "ಚುಪ್" ಎಂದಳು. ಎರಡನ್ನೂ ಜೋಡಿಸಿದವಳು ನಾನು. ಅವಳು ಜೋಡಿಸಿರಲಿಲ್ಲ.

ಆ ತಿಂಗಳು ನಮ್ಮ ಅಂಗಿಗಳನ್ನು ಕೊಳ್ಳುವ ಹೊರದೇಶದ ಬಯ್ಯರ್ ಕಡೆಯವರು ಫ್ಯಾಕ್ಟರಿ ನೋಡಲು ಆಡಿಟ್ಟಿಗೆ ಬಂದರು. ಬೀರುವಿನ ಬೀಗ ತೆಗೆದರು. ಕುದುರೆ, ಚೆಂಡು, ಬಣ್ಣದ ಮರದ ತುಂಡುಗಳು ಎಲ್ಲ ಚಾಪೆಯ ಮೇಲೆ ಬಂದವು. ಲೈನಿನಲ್ಲಿ ದಾರ ಕತ್ತರಿಸುತ್ತಿದ್ದ ಒಬ್ಬಳು ಒಳ್ಳೆಯ ಸೀರೆ ಉಟ್ಟು ಎರಡನೆಯ ಆಯಾ ಎಂದು ರೂಮಿನಲ್ಲಿ ನಿಂತಳು. ಮಗಳು ಆ ದಿನವೆಲ್ಲ ಕುದುರೆಯಿಂದ ಇಳಿಯಲಿಲ್ಲವಂತೆ. ಸಂಜೆ ಎಲ್ಲವೂ ಬೀರುವಿನೊಳಗೆ ಹೋಯಿತು, ದಾರ ಕತ್ತರಿಸುವವಳು ಲೈನಿಗೆ ಹೋದಳು. ಮರುದಿನ ಬೆಳಿಗ್ಗೆ ಮಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಅವಳಿಗೆ ಅದನ್ನು ಕೊಡಬಾರದೇ ಎಂದು ಆಯಮ್ಮನನ್ನು ಕೇಳಿದೆ. ಕೀ ಆಫೀಸಿನಲ್ಲಿದೆ ಎಂದರು. ನಾನು ನಂಬಲಿಲ್ಲ. ಎತ್ತಿಡುವ ಕೆಲಸ ತಪ್ಪಲಿ ಎಂದು ಹೇಳುತ್ತಿದ್ದಾರೆ ಅಂದುಕೊಂಡೆ.

ಅದಾದ ಕೆಲವು ದಿನಗಳಿಗೆ ಅಂಗಿಯೊಳಗೆ ಉಳಿದಿದ್ದ ಮುರಿದ ಸೂಜಿ ನನ್ನ ಬೆರಳಿಗೆ ಚುಚ್ಚಿತು. ರಕ್ತ ಬಟ್ಟೆಗೆ ತಾಗಬಾರದೆಂದು ಸೂಪರ್‌ವೈಸರ್ ನನ್ನನ್ನು ನರ್ಸಿನ ಹತ್ತಿರ ಕಳಿಸಿದರು. ಪಟ್ಟಿ ಕಟ್ಟಿಸಿಕೊಂಡು ವಾಪಸ್ಸು ಬರುವಾಗ ಸುತ್ತು ಹಾಕಿ ಮಕ್ಕಳ ರೂಮಿನ ಮುಂದೆ ಬಂದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಕಿಟಕಿಯಲ್ಲಿ ಇಣುಕಿದೆ. ಒಳಗೆ ದೊಡ್ಡವರು ಯಾರೂ ಇರಲಿಲ್ಲ. ಮಕ್ಕಳು ಚಾಪೆಯ ಮೇಲಿದ್ದವು. ಒಂದು ಅಳುತ್ತಿತ್ತು, ಎರಡು ಕಿತ್ತಾಡುತ್ತಿದ್ದವು. ನನ್ನ ಮಗಳು ಬಾಗಿಲ ಕಡೆ ಮುಖ ಮಾಡಿ ಸುಮ್ಮನೆ ಕೂತಿದ್ದಳು. ನಾನು ಕೂಗಲಿಲ್ಲ, ಚಿಲಕಕ್ಕೂ ಕೈ ಹಾಕಲಿಲ್ಲ. ಎಷ್ಟು ಹೊತ್ತು ಹೀಗೆ ಬಿಡುತ್ತಾರೆ, ನೋಡಿಯೇ ಬಿಡೋಣ ಎಂದು ನಿಂತೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸ್ವಲ್ಪ ಹೊತ್ತಿಗೆ ಆಯಮ್ಮ ಕ್ಯಾಂಟೀನಿನ ಕಡೆಯಿಂದ ಡಬ್ಬಿ ಹಿಡಿದು ಬಿರಬಿರನೆ ಬಂದರು. ಬಾಯಿ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಿಂತುಬಿಟ್ಟರು. ಹತ್ತು ನಿಮಿಷ ಅಷ್ಟೇ ಕಣಮ್ಮ ಎಂದು ಚಿಲಕ ತೆಗೆದು ಒಳಗೆ ಹೋದರು. ಯಾಕೆ ಎಂದು ಒಂದು ಮಾತೂ ನಾನು ಕೇಳಲಿಲ್ಲ. ಟೇಬಲ್ಲಿಗೆ ಬಂದ ಮೇಲೆ ಪಕ್ಕದವಳ ಹತ್ತಿರ ಮಾತ್ರ ನಿಲ್ಲಿಸದೆ ಮಾತಾಡಿದೆ.

ಅದೇ ವಾರದ ಶನಿವಾರ ಗೇಟಿನಲ್ಲಿ ತಪಾಸಣೆಯ ಸಾಲು. ದಿನಾ ಸಂಜೆ ನಮ್ಮ ಮೈ ತಡವಿ, ಬ್ಯಾಗು ನೋಡಿ ಹೊರಗೆ ಬಿಡುತ್ತಾರೆ. ಆವತ್ತು ಸೆಕ್ಯೂರಿಟಿಯವಳಿಗೆ ನನ್ನ ಮಗಳ ಬಿಗಿಮುಷ್ಟಿ ಕಾಣಿಸಿತು. ಬಿಡಿಸಿದಳು. ಅಂಗೈಯಲ್ಲಿ ಅಂಗಿಯ ಎರಡು ಗುಂಡಿ.

"ಮಕ್ಳ ಕೈಲಿ ಸಾಗಿಸ್ತೀರಾ ಈಗ?" ಎಂದಳು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

ನನ್ನನ್ನು ಪಕ್ಕಕ್ಕೆ ನಿಲ್ಲಿಸಿ ಹೆಸರು ಬರೆದುಕೊಂಡರು. ನಮ್ಮೂರ ಕಡೆಯವರನ್ನು ಕರೆದೊಯ್ಯುವ ಫ್ಯಾಕ್ಟರಿ ಗಾಡಿ ನನಗಾಗಿ ಕಾಯುತ್ತಿತ್ತು. ಅದರಲ್ಲಿದ್ದವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಮಗಳು ಗುಂಡಿ ಬೇಕೆಂದು ಅಳುತ್ತಿದ್ದಳು. ಅವಮಾನಕ್ಕಿಂತ ಹೆಚ್ಚಾಗಿ ನನ್ನನ್ನು ನಡುಗಿಸಿದ್ದು ಇನ್ನೊಂದು ಯೋಚನೆ. ಅದು ಮುಷ್ಟಿಯಲ್ಲಿರದೆ ಬಾಯಲ್ಲಿದ್ದು, ಗಂಟಲಿಗೆ ಇಳಿದಿದ್ದರೆ?

ಸೋಮವಾರ ದೂರಿನ ಪೆಟ್ಟಿಗೆಗೆ ಚೀಟಿ ಹಾಕಿದೆ. ಮಧ್ಯಾಹ್ನವೇ ಆಫೀಸಿನ ಮೇಡಂ ಕರೆಸಿದರು. ಚಿಲಕದ ಮಾತು ಹೇಳಿದೆ, ಗುಂಡಿಯ ಮಾತು ಹೇಳಿದೆ, ಅಂಗಿ ಬಿಚ್ಚುವುದನ್ನೂ ಹೇಳಿದೆ. ಮಕ್ಕಳು ಬಹಳ ಮಲಗುತ್ತವೆ ಎಂದೆ. ಔಷಧಿ ಕೊಡುವುದನ್ನು ನೋಡಿದ್ದೀರಾ ಎಂದು ಕೇಳಿದರು. ನೋಡಿಲ್ಲ, ಆದರೆ ಇರಬಹುದು ಎಂದೆ. ಅವರು ಬರೆಯುತ್ತಲೇ ಇದ್ದರು. ಕೊನೆಗೆ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಹೊರಗೆ ನನ್ನ ಟೇಬಲ್ಲಿನಲ್ಲಿ ಅಂಗಿಗಳು ರಾಶಿ ಬಿದ್ದಿದ್ದವು. ಓದದೆ ಸಹಿ ಹಾಕಿದೆ.

ಬುಧವಾರ ಆಯಮ್ಮ ಇರಲಿಲ್ಲ. ಅವರ ಜಾಗದಲ್ಲಿ ತರಬೇತಿ ಪಡೆದ ಹುಡುಗಿಯೊಬ್ಬಳು ಬಂದಿದ್ದಳು. ನಗುಮುಖ, ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು, ಗೋಡೆಗೆ ಎ ಬಿ ಸಿ ಡಿ ಪಟ ಅಂಟಿಸಿದಳು. ನನಗೆ ಹಗುರವಾಯಿತು. ಆ ಹಗುರ ನಾಲ್ಕು ದಿನ ಇತ್ತು, ಊಟದ ಬಿಡುವಿನಲ್ಲಿ ರೂಮಿಗೆ ಓಡಲೂ ಇಲ್ಲ. ಐದನೆಯ ದಿನ ಊಟದ ಬಿಡುವಿಗೆ ಹೋದಾಗ ಮಗಳು ಅದೇ ಚಾಪೆಯ ಮೇಲೆ, ಅದೇ ರೀತಿ, ಕರೆದರೂ ಅಲುಗಾಡದೆ ಮಲಗಿದ್ದಳು. ಇವಳೂ ಕೊಡುತ್ತಿದ್ದಾಳೆಯೇ ಎಂಬುದು ನನ್ನ ಮೊದಲ ಯೋಚನೆ. ಔಷಧಿಯೇ ಅಲ್ಲದಿರಬಹುದು ಎಂಬ ಎರಡನೆಯ ಯೋಚನೆ ಬರಲು ನನಗೆ ಒಂದು ರಾತ್ರಿ ಹಿಡಿಯಿತು.

ರಜೆ ಹಾಕಿ ಮಂಡ್ಯದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಔಷಧಿ ಕೊಟ್ಟಿದ್ದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ ಎಂದು ಕೇಳಿದೆ. ಅವರು ಅದಕ್ಕೆ ಉತ್ತರಿಸದೆ, ಮಗು ರಾತ್ರಿ ಎಷ್ಟಕ್ಕೆ ಮಲಗುತ್ತದೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತದೆ ಎಂದು ವಿಚಾರಿಸಿದರು. ಅಪ್ಪ ಬರುವವರೆಗೆ ಅವಳು ಮಲಗುವುದಿಲ್ಲ, ಹತ್ತೂವರೆ ಆಗುತ್ತದೆ. ನಾನು ನಾಲ್ಕೂವರೆಗೆ ಏಳುತ್ತೇನೆ. ಪಕ್ಕ ಖಾಲಿಯಾದದ್ದು ತಿಳಿದು ಅವಳೂ ಏಳುತ್ತಾಳೆ. ಆರೂವರೆಗೆ ಗಾಡಿ ಹತ್ತಬೇಕು. ಇಷ್ಟನ್ನೂ ಅವರಿಗೆ ಹೇಳಿದೆ. ಈ ವಯಸ್ಸಿಗೆ ಅದರ ಎರಡರಷ್ಟು ನಿದ್ದೆ ಬೇಕು, ಹಗಲು ಮಲಗದೆ ಮಗು ಇನ್ನೇನು ಮಾಡುತ್ತದೆ ಎಂದರು. ಅತ್ತೆ ಇದ್ದಾಗ ಅವಳು ಅವರ ಮಗ್ಗುಲಲ್ಲಿ ಎಂಟರವರೆಗೆ ಮಲಗಿರುತ್ತಿದ್ದಳು. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ವಯಸ್ಸಾದವರೊಬ್ಬರ ಅಂಗಿಯನ್ನು ಮಗಳು ತದೇಕವಾಗಿ ನೋಡುತ್ತಿದ್ದಳು. ಆಮೇಲೆ ಬೆರಳಿಟ್ಟು, ಇದಕ್ಕೆ ನಾಕು ಕಣ್ಣು ಎಂದಳು. ನನ್ನ ಕಡೆ ತಿರುಗಿ ತನ್ನ ಫ್ರಾಕಿನ ಗುಂಡಿ ಹಿಡಿದು, ಇದಕ್ಕೆ ಎಲ್ಡು ಎಂದಳು. ಗುಂಡಿಯ ತೂತುಗಳನ್ನು ಅವಳು ಕಣ್ಣು ಎನ್ನುತ್ತಿದ್ದಳು. ಹಿಂದಿನ ಸೀಟಿನವರ ಅಂಗಿಯನ್ನೂ ಎಣಿಸಿದಳು. ಬಿಳಿ, ನೀಲಿ ಎಂದು ಬಣ್ಣವನ್ನೂ ಹೇಳಿದಳು. ನಾನಂತೂ ಅವಳಿಗೆ ಇದನ್ನು ಕಲಿಸಿರಲಿಲ್ಲ. ಯಾರು ಹೇಳಿಕೊಟ್ಟರು ಎಂದರೆ, ಆಯಮ್ಮ ಎಂದಳು.

ಭಾನುವಾರ ಮದ್ದೂರಿಗೆ ಹೋದೆ. ಮೆಕ್ಯಾನಿಕ್ ಅಂಗಡಿಗಳ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋಗಿ ಮನೆ ಹಿಡಿದೆ. ಮಗಳು ನನ್ನ ಕಂಕುಳಿಂದ ಜಾರಿ ಅವರ ಕಾಲಿಗೆ ಹೋಗಿ ಅಂಟಿಕೊಂಡಳು. ಅವರು ಅವಳನ್ನು ಎತ್ತಿಕೊಂಡರು, ಅಭ್ಯಾಸದಂತೆ ಬೆಳಕಿಗೆ ತಿರುಗಿಸಿ ನೋಡಿದರು. ನನ್ನನ್ನು ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಹೊಸ್ತಿಲ ಹತ್ತಿರ ಕೂತೆ.

ನಾನೇ ದೂರು ಕೊಟ್ಟದ್ದು ಎಂದೆ. ಗೊತ್ತು ಎಂದರು. ಆಫೀಸಿನಲ್ಲಿ ಕಾಗದ ಓದಿ ಹೇಳಿದ್ದರಂತೆ. ಅದರಲ್ಲಿ 'ಇರಬಹುದು' ಎಂಬ ಮಾತೇ ಇರಲಿಲ್ಲ. ಔಷಧಿ ಕೊಟ್ಟು ಮಲಗಿಸುತ್ತಾರೆ ಎಂದು ತಾಯಂದಿರು ಹೇಳಿದ್ದಾರೆ ಎಂದಿತ್ತಂತೆ.

ಗುಂಡಿಗಳನ್ನು ಅವರು ತಂದದ್ದು ಕಸದ ಡಬ್ಬಿಯಿಂದ. ಮುಕ್ಕಾದವು, ಬಣ್ಣ ಕೆಟ್ಟವು. ಮಕ್ಕಳು ನುಂಗದಂತೆ ದಪ್ಪ ದಾರಕ್ಕೆ ಪೋಣಿಸಿ ಗಂಟು ಹಾಕಿದ್ದರು. ಬೀರುವಿನ ಬೀಗದ ಕೀ ನಿಜವಾಗಿಯೂ ಆಫೀಸಿನಲ್ಲೇ ಇರುತ್ತಿತ್ತು. ಮಕ್ಕಳ ಕೈಗೆ ಬೇರೇನು ಕೊಡಲಿ ಎಂದರು. ಆ ಶನಿವಾರ ನನ್ನ ಮಗಳ ಕೈಯಲ್ಲಿ ಒಂದು ಸರ ಕಿತ್ತಿತ್ತು. ಎಣಿಸಿದರೆ ಎರಡು ಕಡಿಮೆ. ಚಾಪೆಗಳನ್ನೆಲ್ಲ ಕೊಡವಿ ಹುಡುಕಿ ಸಿಗದೆ ನನಗೆ ಹೇಳಲೆಂದು ಗೇಟಿಗೆ ಓಡಿ ಬರುವಷ್ಟರಲ್ಲಿ ಗಾಡಿ ಹೊರಟಿತ್ತಂತೆ. ಚುಪ್ ಎನ್ನುವುದು ಯಾಕೆಂದು ಕೇಳಿದೆ. ಗದ್ದಲವಾದರೆ ಇಸ್ತ್ರಿ ಹಾಲಿನ ಸೂಪರ್‌ವೈಸರ್ ಗೋಡೆ ಗುದ್ದುತ್ತಾನೆ ಎಂದರು.

ಅಂಗಿ ಬಿಚ್ಚಿ ನೋಡುವ ಮಾತನ್ನು ಕೇಳಲು ಹಿಂಜರಿದೆ. ಅವರೇ ಹೇಳಿದರು.

"ದಿನಾ ಬೆಳಿಗ್ಗೆ ಎಲ್ಲಾ ಮಕ್ಳ ಮೈ ನೋಡ್ತೀನಿ. ಗಾಯ, ಗುಳ್ಳೆ, ಯಾರಾದ್ರೂ ಹೊಡೆದಿದ್ರೆ ಗುರ್ತು. ನಿನ್ ಮಗಳ ತೋಳಲ್ಲಿ ಒಂದಿನ ನೀಲಿಗಟ್ಟಿತ್ತು. ನಂಗೂ ನಿನ್ ಮ್ಯಾಲೆ ಅನ್ಮಾನ ಇತ್ತು ಕಣಮ್ಮ."

ಗಾಡಿಯ ಹಾರ್ನು ಕೇಳಿ ಅವಳ ತೋಳು ಹಿಡಿದು ಎಳೆದುಕೊಂಡು ಓಡಿದ ಒಂದು ಬೆಳಿಗ್ಗೆ ನನಗೆ ನೆನಪಾಯಿತು.

ಚಿಲಕದ ಬಗ್ಗೆ ಅವರು ನೆಪ ಹೇಳಲಿಲ್ಲ. ಎರಡನೆಯ ಆಯಾಳನ್ನು ದಾರ ಕತ್ತರಿಸಲು ಲೈನಿಗೆ ಎಳೆದುಕೊಂಡಿದ್ದರು. ಒಬ್ಬಳಿಂದ ಆಗುವುದಿಲ್ಲವೆಂದು ಆಫೀಸಿಗೆ ಮೂರು ಸಲ ಹೇಳಿದ್ದರು. ಊಟಕ್ಕೋ ಬಾತ್‌ರೂಮಿಗೋ ಹೋಗಬೇಕಲ್ಲ. ಬಾಗಿಲು ತೆಗೆದಿಟ್ಟರೆ ಮಕ್ಕಳು ಇಸ್ತ್ರಿ ಹಾಲಿನ ಬಾಯ್ಲರಿನ ಕಡೆ ಓಡುತ್ತವೆ.

"ಅದು ತಪ್ಪೇಯ. ನೀ ಬರೆಸಿದ್ದು ಸುಳ್ಳಲ್ಲ," ಎಂದರು. "ಔಸ್ತಿ ಮಾತು ಮಾತ್ರ ಸುಳ್ಳು. ನನ್ನೇ ಒಂದ್ ಮಾತ್ ಕೇಳ್ಬೋದಿತ್ತಲ್ಲ."

ಆ ಹೊತ್ತಿನಲ್ಲೂ ನನ್ನ ಕಣ್ಣು ಅವರ ತಲೆಯ ಮೇಲಿದ್ದ ಹಲಗೆಯ ಕಡೆ ಹೋಯಿತು. ಅಲ್ಲಿ ಕೆಲವು ಬಾಟಲಿಗಳಿದ್ದವು. ಅವರು ಅದನ್ನು ಗಮನಿಸಿದರು. "ನೋಡ್ಕೋ," ಎಂದು ಪಕ್ಕಕ್ಕೆ ಸರಿದರು. ನಾನು ಎದ್ದು ನೋಡಲಿಲ್ಲ. ಆದರೆ ಕೂತಲ್ಲಿಂದಲೇ ಓದಿದೆ: ಹರಳೆಣ್ಣೆ, ಕೊಬ್ಬರಿ ಎಣ್ಣೆ, ಫಿನಾಯಿಲು.

ಸೋಮವಾರ ಮೇಡಂ ಹತ್ತಿರ ಹೋಗಿ ಔಷಧಿಯ ಮಾತನ್ನು ಹೊಡೆದುಹಾಕಿ ಎಂದು ಕೇಳಿದೆ. ಫೈಲು ಮೇಲಕ್ಕೆ ಹೋಗಿದೆ, ಸಹಿ ನಿಮ್ಮದೇ ಅಲ್ಲವೇ ಎಂದರು. ನಾನು ಬೇರೆ ಕಾಗದ ಬರೆದೆ. ಪಕ್ಕದ ಟೇಬಲ್ಲಿನವಳಿಗೆ ಎಲ್ಲವನ್ನೂ ಹೇಳಿದೆ. ಅವಳೇ ಲೈನು ಲೈನಿಗೆ ಓಡಾಡಿ ಹನ್ನೊಂದು ತಾಯಂದಿರ ಸಹಿ ಹಾಕಿಸಿದಳು. ಔಷಧಿ ಕೊಡುವುದನ್ನು ನಾವು ಯಾರೂ ನೋಡಿಲ್ಲ ಎಂದು ಬರೆದೆವು. ಇಬ್ಬರು ಆಯಾ ಬೇಕು, ಬೀರುವಿನ ಬಾಗಿಲು ದಿನವೂ ತೆಗೆದಿರಬೇಕು ಎಂದೂ ಬರೆದೆವು. ಎರಡನೆಯ ಆಯಾ ಬಂದಳು. ಬೀರು ವಾರಕ್ಕೆ ಎರಡು ದಿನ ತೆಗೆಯುತ್ತಾರೆ. ಆಯಮ್ಮನನ್ನು ವಾಪಸ್ಸು ಕರೆಯುವ ಮಾತಿಗೆ ಉತ್ತರವೇ ಬರಲಿಲ್ಲ.

ಅವರು ಈಗ ಓಣಿಯ ನಾಲ್ಕಾರು ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಾರೆ. ಇನ್ನೊಮ್ಮೆ ಹೋದಾಗ, ನನ್ನ ಮಗಳನ್ನೂ ಇಟ್ಟುಕೊಳ್ಳಿ, ಅವಳಪ್ಪ ಮಾರುಕಟ್ಟೆಗೆ ಬರುವಾಗ ಬಿಟ್ಟುಹೋಗುತ್ತಾರೆ ಎಂದು ಕೇಳಿದೆ. ಅವರು ಅವಳ ಜಡೆ ಹಾಕುತ್ತಿದ್ದರು. ಹಾಕಿ ಮುಗಿಸಿ ತುದಿಗೆ ರಿಬ್ಬನ್ ಕಟ್ಟಿದರು.

"ಮಗು ನಂಗೂ ಬೇಕು," ಎಂದರು. "ಆದ್ರೆ ನೀನು ದಿನಾ ಬಂದು ಅದರ ಬಾಯಿ ಮೂಸ್ತೀಯ. ಅದು ನಂಗಾಗಾಕಿಲ್ಲ, ಬುಡು."

ಬಾಗಿಲಲ್ಲಿ ನಿಂತು ನಾನು ಮೂಸುತ್ತಿದ್ದುದನ್ನು ಅವರು ಅಷ್ಟು ದಿನವೂ ನೋಡುತ್ತಿದ್ದರು.

ಅತ್ತೆ ಮಳವಳ್ಳಿಯಿಂದ ಬಂದರು. ಮಗಳಿಗೆ ಮೂರು ತುಂಬಿ ಊರಿನ ಅಂಗನವಾಡಿಗೆ ಹೋಗುತ್ತಿದ್ದಾಳೆ. ಮೊದಲ ವಾರ ನಾನು ಒಂದು ದಿನ ರಜೆ ಹಾಕಿ ಕಿಟಕಿಯ ಹೊರಗೆ ನಿಂತಿದ್ದೆ. ಅಲ್ಲಿನ ಟೀಚರ್ ನನ್ನನ್ನು ಕಂಡು ಬಾಗಿಲು ತೆಗೆದು ಒಳಗೆ ಕರೆದರು. ಈ ಸಲ ಬಾಯಿ ಬಿಟ್ಟು ಕೇಳಿದೆ. ಎಷ್ಟು ಮಕ್ಕಳು, ನೀವು ಊಟಕ್ಕೆ ಹೋದಾಗ ಯಾರು ಇರುತ್ತಾರೆ, ಬಾಗಿಲಿಗೆ ಚಿಲಕ ಯಾವ ಕಡೆಯಿಂದ ಹಾಕುತ್ತೀರಿ, ಆಟದ ಸಾಮಾನು ಎಲ್ಲಿಡುತ್ತೀರಿ. ಅವರು ಒಂದೊಂದಕ್ಕೇ ಉತ್ತರ ಹೇಳಿದರು. ಕೊನೆಕೊನೆಗೆ ಮುಖ ಸ್ವಲ್ಪ ಗಂಟಾಯಿತು. ಒಂದು ಉತ್ತರ ನನಗೆ ಪೂರ್ತಿ ನಂಬಿಕೆ ಬರುವಂತೆ ಇರಲಿಲ್ಲ. ಮೊದಲಾಗಿದ್ದರೆ ಸುಮ್ಮನೆ ಎದ್ದು ಬಂದು ಬೇರೆಯವರ ಹತ್ತಿರ ಆಡುತ್ತಿದ್ದೆ.

ಇನ್ನೇನಾದರೂ ಇದೆಯೇ ಎಂದು ಟೀಚರ್ ಕೇಳಿದರು. ಇದೆ ಎಂದು ಅಲ್ಲೇ ಕೂತೆ.